ಎರಡು ದಿನಕ್ಕೆ ತಂದ ಗಂಟೆ

ಸೂತಕ ಕಳೆದ ಮರುದಿನ ಒಂಬತ್ತರವರೆಗೆ ಯಾರೂ ಬರಲಿಲ್ಲ. ಹನ್ನೆರಡು ದಿನ ಮನೆ ತುಂಬ ಜನವಿದ್ದರು. ಅಥಣಿಯವರು, ಕಾಗವಾಡದವರು, ರಾಯಬಾಗದಿಂದ ಬಂದ ಇಬ್ಬರು ಸೋದರತ್ತೆಯರು, ಅವರ ಚೀಲಗಳು, ಅವರ ಚಪ್ಪಲಿಗಳು. ಆ ದಿನ ಬಾಗಿಲಲ್ಲಿ ಉಳಿದದ್ದು ಮೂರು ಜೊತೆ ಚಪ್ಪಲಿ. ನಾನು ಎಮ್ಮೆ ಹಿಂಡಿದೆ, ಹಾಲು ಕಾಯಿಸಿದೆ. ಅತ್ತೆ ಜೈನ ಬಸ್ತಿಗೆ ಹೋಗಿ ಬಂದರು. ಮೂರರಲ್ಲಿ ತೀರಿಕೊಂಡ ನಮ್ಮ ಮನೆಯವರ ಜೊತೆಯನ್ನು ಎಲ್ಲಿಡಬೇಕು ಎಂದು ನಾವಿಬ್ಬರೂ ಮಾತಾಡಲಿಲ್ಲ.

ಒಂಬತ್ತಕ್ಕೆ ತುಕಾರಾಮ ಮಾಸ್ತರು ಬಂದರು. ನಮ್ಮೂರ ಕನ್ನಡ ಶಾಲೆಯ ಹೆಡ್‌ಮಾಸ್ತರು. ನಮ್ಮ ಮನೆಯವರಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಗೆಳೆಯರು. ಬಂದವರು ಕಟ್ಟೆಯ ಮೇಲೆ ಕುಳಿತು ಛತ್ರಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು.

“ಮಳಿ ಛಲೋ ಬಂತ ನೋಡ್ರಿ ವೈನಿ.”

“ಹೌದ್ರಿ.”

“ಕಬ್ಬಿಗೆ ಬೇಕಿತ್ತು.”

“ಹೌದ್ರಿ.”

“ತಂಬಾಕಿಗೆ ಇಷ್ಟೊಂದ ಬ್ಯಾಡಾಗಿತ್ತು.”

“ಹೌದ್ರಿ.”

ಚಹಾ ಕುಡಿದರು. ಎದ್ದು ಅಂಗಳ ದಾಟಿದರು. ಛತ್ರಿ ಮರೆತೆ ಎಂದು ತಿರುಗಿ ಬಂದರು. ಛತ್ರಿ ಅವರ ಕೈಯಲ್ಲಿಯೇ ಇತ್ತು. ಅದನ್ನು ನೋಡಿ ಮತ್ತೆ ಕುಳಿತರು.

ನಮ್ಮ ಮನೆಗೂ ಕಾಶಿಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಕಾಶಿಬಾಯಿಗೆ ಅರವತ್ತು ದಾಟಿದೆ. ಕಿವಿಗೆ ಮಾತ್ರ ಇನ್ನೂ ಹದಿನೆಂಟು. ಗೋಡೆಯಾಚೆಯಿಂದ ಕೂಗಿದಳು:

“ಮಾಸ್ತರ್ರ, ಗಂಟಿ ಕೇಳಾಕ ಬಂದಿದ್ರ ಕೇಳಿಬಿಡ್ರಿ! ನಿಮ್ಮ ಬಾಯಿ ಯಾವಾಗ ತೆರದೀತು ಅಂತ ಕೂತ ನನ್ನ ಎರಡ ರೊಟ್ಟಿ ಹೊತ್ತ ಹ್ವಾದ್ವು!”

ಮಾಸ್ತರು ತಲೆ ತಗ್ಗಿಸಿದರು. “ತಪ್ಪ ತಿಳಕೋಬ್ಯಾಡ್ರಿ ವೈನಿ. ಇದs ಮೂವತ್ತೊಂದಕ್ಕ ನಾ ರಿಟೈರ್. ಚಾರ್ಜ ಕೊಡೂ ಪಟ್ಟ್ಯಾಗ ಹದಿನೇಳನೇ ನಂಬರ್, ‘ಹಿತ್ತಾಳೆಯ ಗಂಟೆ, ಒಂದು’ ಅಂತ ಐತಿ. ಹೊಸಾ ಹೆಡ್‌ಮಾಸ್ತರ್ ಕಾಕಾಸಾಹೇಬ ಅಂತ ಬಂದಾರ. ಒಡದ ಪಾಟಿ ಸೈತ ಎಣಸಾಕತ್ತಾರ. ಗಂಟಿ ಇಲ್ಲಂದ್ರ ಅವರ ಸಹಿ ಇಲ್ಲ. ಸಹಿ ಇಲ್ಲಂದ್ರ ನನ್ನ ಪೆನ್ಶನ್ ಕಾಗದ ಮ್ಯಾಲ ಹೋಗೂದಿಲ್ಲ.”

“ಬೇರೆ ತಂದು ಇಟ್ಟರೆ?”

“ಅದರ ಮ್ಯಾಲ ಇಸವಿ ಕೆತ್ತೇತ್ರಿ. ಹತ್ತೊಂಬತ್ನೂರಾ ಮೂವತ್ನಾಕು. ಅದನ್ನೂ ಪಟ್ಟ್ಯಾಗ ಬರದಾರ.”

ಗಂಟೆಯನ್ನು ನಮ್ಮ ಮನೆಯವರು ಎರಡು ದಿನಕ್ಕೆಂದು ತಂದಿದ್ದರು. ಅದು ೧೯೮೮ರಲ್ಲಿ. ಈಗ ೧೯೯೩. ಅದನ್ನು ಎಲ್ಲಿಟ್ಟಿದ್ದಾರೆ ಎಂದು ಅವರೊಬ್ಬರಿಗೇ ಗೊತ್ತಿತ್ತು.

ಶಾಲೆಯ ಗಂಟೆ ನಮ್ಮ ಮನೆಗೆ ಯಾಕೆ ಬಂತು ಎಂದು ಹೇಳಬೇಕಾದರೆ ಪಿಕಪ್ಪಿನಿಂದ ಶುರು ಮಾಡಬೇಕು.

ನಮ್ಮ ಊರು ಬೇಡಕಿಹಾಳದಿಂದ ಎರಡು ಮೈಲಿ. ನನ್ನ ಮಾವ ತಂಬಾಕಿನ ವ್ಯಾಪಾರ ಮಾಡುತ್ತಿದ್ದರು. ೧೯೫೩ರಲ್ಲಿ ಬೆಳಗಾವಿಗೆ ಹೋಗಿ ಒಂದು ಹಸಿರು ಪಿಕಪ್ ಗಾಡಿ ಕೊಂಡು ತಂದರು. ಇಪ್ಪತ್ತಮೂರು ವರ್ಷ ಅದರಲ್ಲಿ ನಿಪ್ಪಾಣಿಗೆ ತಂಬಾಕು ಸಾಗಿಸಿದರು. ಎಪ್ಪತ್ತಾರರಲ್ಲಿ ಒಂದು ದಿನ ಗಾಡಿಯನ್ನು ಮನೆ ಹಿಂದಿನ ವಖಾರಿಯಲ್ಲಿ, ತಂಬಾಕು ತುಂಬಿಡುವ ಆ ದೊಡ್ಡ ಕೋಣೆಯಲ್ಲಿ, ನಿಲ್ಲಿಸಿ ಬಂದರು. ಮರುವರ್ಷ ತೀರಿಕೊಂಡರು. ಗಾಡಿ ಆಮೇಲೆ ಹೊರಡಲಿಲ್ಲ.

ನಾನು ಆ ಮನೆಗೆ ಬಂದದ್ದು ಎಂಬತ್ತೇಳರಲ್ಲಿ, ಧಾರವಾಡದಲ್ಲಿ ಎಂ.ಎ. ಮುಗಿಸಿ. ಚಿಕ್ಕೋಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದಾಗ ಹಮಾಲ ನನ್ನ ಟ್ರಂಕು ಎತ್ತಲಾರದೆ, “ಏನ್ ಕಲ್ಲ ತುಂಬೀರೇನ್ರಿ ಅಕ್ಕಾರ?” ಎಂದ. ಪುಸ್ತಕ ಎಂದೆ. ನಮ್ಮ ಮನೆಯವರು ಟ್ರಂಕಿನ ಬೀಗ ಕೀಲಿ ತೆಗೆದು ನನ್ನ ಕೈಗೆ ಕೊಟ್ಟು, “ಹಾಂಗಾರ ಇದಕ್ಕ ಕೀಲಿ ಬ್ಯಾಡ. ಪುಸ್ತಕಾ ಯಾವ ಕಳ್ಳನೂ ಮುಟ್ಟೂದಿಲ್ಲ” ಎಂದರು. ಮದುವೆಯಾದ ಮೇಲೆ ಇವರು ನನ್ನೊಡನೆ ಆಡಿದ ಮೊದಲನೆಯ ಮಾತು ಕೀಲಿಯ ವಿಷಯದ್ದು. ನಾನು ಅದರಿಂದ ಏನನ್ನೂ ತಿಳಿದುಕೊಳ್ಳಲಿಲ್ಲ.

ಮೂರನೆಯ ದಿನ ಇವರು ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಕೊಲ್ಲಾಪುರಕ್ಕೆ ಹೋದರು. ಗಾಡಿ ವಖಾರಿಯಿಂದ ಅಲುಗಲಿಲ್ಲ. ಇವರು ಗೇರು ಬದಲಿಸಿದರು, ಹಾರ್ನು ಬಾಯಿಂದಲೇ ಹೊಡೆದರು. “ಇದು ನಿಪ್ಪಾಣಿ. ಇದು ಕಾಗಲ. ಅಪ್ಪ ಇಲ್ಲಿ ಚಹಾ ಕುಡೀತಿದ್ದ. ಕುಡೀತಿಯೇನು?” ಎಂದು ಕೇಳಿದರು. ಬೇಡ, ಹೊತ್ತಾಗುತ್ತದೆ ಎಂದೆ. ಸೀಟಿನಿಂದ ಹಳೆಯ ತಂಬಾಕಿನ ವಾಸನೆ ಬರುತ್ತಿತ್ತು. ಕೊಲ್ಲಾಪುರದಲ್ಲಿ ಇಳಿಯುವಾಗ ನನ್ನ ಸೀರೆಯ ಅಂಚು ಬಾಗಿಲಿಗೆ ಸಿಕ್ಕಿ ಹರಿಯಿತು. ಅಷ್ಟು ದೂರ ಹೋಗಿಬಂದದ್ದಕ್ಕೆ ಅದೊಂದೇ ಸಾಕ್ಷಿ.

ಎಂಬತ್ತೆಂಟರಲ್ಲಿ ಕರೋಶಿಯಲ್ಲಿ ಒಂದು ಜೀಪು ಕಳುವಾಯಿತು. ಮಧ್ಯಾಹ್ನ ಎರಡು ಗಂಟೆಗೆ, ಮಾಲೀಕ ಅದರ ನೆರಳಿನಲ್ಲಿಯೇ ಮಲಗಿದ್ದಾಗ. ಎಚ್ಚರವಾದಾಗ ಅವನು ಬಿಸಿಲಿನಲ್ಲಿದ್ದನಂತೆ. ಈ ಸುದ್ದಿ ನಮ್ಮೂರಿಗೆ ಬಂದ ದಿನ ನಮ್ಮ ಮನೆಯವರು ಊಟ ಬಿಟ್ಟು ಎದ್ದರು.

“ನಮ್ಮ ಗಾಡಿಗೂ ಬರತಾರ.”

ಅತ್ತೆ ಜಿನಮತಿಯವರು ಕಡಿಮೆ ಮಾತಿನವರು. “ಅವರಪ್ಪ ಗಾಡಿ ಓಡಸ್ತಿದ್ರು, ಇಂವ ಗಾಡಿ ಕಾಯ್ತಾನ” ಎಂದು ಸಾರು ಬಡಿಸಿದರು.

ಕಾಶಿಬಾಯಿ ಮಾತ್ರ ಬಿಡಿಸಿ ಹೇಳಿದಳು: “ಅಲ್ಲೋ ನೇಮಣ್ಣಾ, ನಿನ್ನ ಗಾಡಿ ಕದಿಯಾಂವ ಎರಡ ಜೋಡಿ ಎತ್ತ ಹೊಡಕೊಂಡ ಬರಬೇಕಲ್ಲೋ!”

ಇದನ್ನು ಇವರು ಸುಳಿವೆಂದು ತಿಳಿದರು. ಮುಂದೆ ಒಂದು ತಿಂಗಳು ಎರಡು ಜೋಡಿ ಎತ್ತು ಇರುವ ರೈತರೆಲ್ಲರನ್ನೂ ಸಂಶಯದಿಂದ ನೋಡಿದರು. ಅವರಲ್ಲಿ ಒಬ್ಬ ನನ್ನ ಮಾವನ ಸ್ವಂತ ತಮ್ಮ.

ಮೊದಲು ಸ್ಟಿಯರಿಂಗ್ ಚಕ್ರ ಬಿಚ್ಚಿದರು. ಅದನ್ನು ಮನೆಯಲ್ಲಿ ಮಾವನ ಫೋಟೋದ ಪಕ್ಕಕ್ಕೆ ತೂಗುಹಾಕಿದರು. ಆಮೇಲೆ, ಮನೆಯೂ ಒಂದು ಜಾಗವೇ, ಮನೆಗೂ ಕಳ್ಳರು ಬರಬಹುದಲ್ಲ ಎಂದು ಹೊಳೆಯಿತು. ನಿಪ್ಪಾಣಿಗೆ ಹೋಗುವಾಗ ಚಕ್ರವನ್ನು ಜೊತೆಗೇ ಒಯ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ತೊಡೆಯ ಮೇಲೆ ಇಟ್ಟುಕೊಂಡರು. ರಸ್ತೆ ತಿರುಗಿದಾಗ ಅವರ ಕೈಯೂ ತಾನಾಗಿ ತಿರುಗುತ್ತಿತ್ತಂತೆ.

ಕಂಡಕ್ಟರು ಮುಂದಕ್ಕೆ ಕೂಗಿದ: “ಡ್ರೈವರ್ ಸಾಹೇಬ್ರ, ನೀವ್ ಸ್ವಲ್ಪ ಆರಾಮ ತಗೋರಿ! ಹಿಂದ ಒಬ್ಬರು ಹೊಡಿಯಾಕತ್ತಾರ!”

ನಿಪ್ಪಾಣಿ ಪೇಟೆಯಲ್ಲಿ ಗುರುತಿನವರು ಕೇಳಿದರು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಿದರೆ ಗಾಡಿಯ ಗುಟ್ಟು ಹೊರಬೀಳುತ್ತದೆ. ಆದ್ದರಿಂದ, “ಗಾಡಿದ್ದರಿ” ಎಂದಷ್ಟೇ ಹೇಳಿದರು. ಯಾವ ಗಾಡಿ ಎಂದರೆ ನಕ್ಕರು. ಸಂಜೆ ಇವರು ಮನೆಗೆ ಬರುವ ಮುಂಚೆಯೇ ನೇಮಣ್ಣ ಬಸ್ಸು ಕೊಂಡಿದ್ದಾನೆ ಎಂಬ ಸುದ್ದಿ ಬಂದಿತ್ತು. ಕಟ್ಟೆಯ ಮೇಲೆ ಇಬ್ಬರು ಕಾಯುತ್ತಿದ್ದರು. ಒಬ್ಬನಿಗೆ ಕ್ಲೀನರ್ ಕೆಲಸ ಬೇಕಿತ್ತು. ಇನ್ನೊಬ್ಬನಿಗೆ ತನ್ನ ತೋಟದ ಮುಂದೆ ಬಸ್ಸು ನಿಲ್ಲಬೇಕಿತ್ತು.

ಆಮೇಲೆ ಗಾಲಿಗಳು. ನಾಲ್ಕನ್ನೂ ಬಿಚ್ಚಿ ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದರು. ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂದು ಒಂದನ್ನು ಕಾಶಿಬಾಯಿಗೆ, ಒಂದನ್ನು ಮಾಸ್ತರಿಗೆ, ಎರಡನ್ನು ಹಿಟ್ಟಿನ ಗಿರಣಿಯ ಜಿನ್ನಪ್ಪನಿಗೆ ಕೊಟ್ಟರು. ಕಾಶಿಬಾಯಿ ಅದನ್ನು ಬಾಗಿಲಲ್ಲಿ ಮಲಗಿಸಿ ಅದರ ಮೇಲೆ ಕುಳಿತು ಕಾಳು ಆರಿಸತೊಡಗಿದಳು. “ಕುಂಡ್ರೂ ಮಣಿಗಿಂತಾ ಛಲೋ ಐತಿ, ಸೊಂಟಾ ನೋಯೂದಿಲ್ಲ” ಎಂದು ಊರಿಗೆ ಸಾರಿದಳು. ಆ ವಾರ ಇನ್ನಿಬ್ಬರು ಹೆಂಗಸರು ನಮ್ಮ ಮನೆಗೆ ಬಂದು ಇನ್ನೂ ಗಾಲಿ ಉಳಿದಿವೆಯೇ ಎಂದು ವಿಚಾರಿಸಿದರು.

ಗಂಟೆ ಬಂದದ್ದು ಇದಾದ ಮೇಲೆ. ವಖಾರಿಯ ಬಾಗಿಲು ತೆರೆದರೆ ಊರಿಗೆ ಗೊತ್ತಾಗಬೇಕು, ಅದಕ್ಕೊಂದು ಗಂಟೆ ಬೇಕು. ಬಸ್ತಿಯ ಗಂಟೆ ಕೇಳುವ ಧೈರ್ಯ ಅತ್ತೆಯವರ ಎದುರಿಗೆ ಆಗಲಿಲ್ಲ. ಶಾಲೆಯಲ್ಲಿ ಹಗ್ಗ ಎಳೆದು ಬಾರಿಸುವ ತೆಂಗಿನಕಾಯಿ ಗಾತ್ರದ ಹಿತ್ತಾಳೆ ಗಂಟೆ ಇತ್ತು. “ಎರಡs ಎರಡ ದಿನಾ ಕೊಡ್ರಿ ಮಾಸ್ತರ್ರ, ನಾ ಬೆಳಗಾವಿಂದ ಬ್ಯಾರೆ ತರತೀನಿ” ಎಂದು ತಂದು ಬಾಗಿಲ ಮೇಲೆ ಕಟ್ಟಿದರು.

ಮರುದಿನ ಹನ್ನೊಂದೂ ಇಪ್ಪತ್ತಕ್ಕೆ ನಮ್ಮ ಎಮ್ಮೆ ಆ ಬಾಗಿಲಿಗೆ ಕುತ್ತಿಗೆ ತಿಕ್ಕಿತು. ಗಂಟೆ ಢಣ ಢಣ ಎಂದಿತು. ಶಾಲೆ ನಮ್ಮ ಮನೆಯಿಂದ ಕೂಗಳತೆಯ ದೂರ. ಮಕ್ಕಳಿಗೆ ಗಂಟೆಯ ದನಿ ಗೊತ್ತು, ಅದು ಎಲ್ಲಿದೆ ಎನ್ನುವುದು ಅವರಿಗೆ ಬೇಕಾಗಿರಲಿಲ್ಲ. ಏಳೂ ಇಯತ್ತೆಗಳು ಒಮ್ಮೆಲೇ ಎದ್ದು ಮನೆಗೆ ಹೋದವು. ಭಾಗಾಕಾರದ ನಡುವೆ ಮಾಸ್ತರೊಬ್ಬರೇ ಸುಣ್ಣದ ಕಡ್ಡಿ ಹಿಡಿದು ನಿಂತರು. ಮೂರು ದಿನ ಹೀಗಾದ ಮೇಲೆ ಅವರು ಮನೆಯಿಂದ ಊಟದ ತಾಟು ತಂದು ಅದನ್ನೇ ಶಾಲೆಯ ಗಂಟೆ ಎಂದು ಘೋಷಿಸಿದರು.

ನಮ್ಮ ಮನೆಯವರು ಮನೆಮನೆಗೆ ಹೋಗಿ ತಮ್ಮ ಘೋಷಣೆ ಮಾಡಿದರು: “ತಾಟ ಬಾರಿಸಿದ್ರ ಸಾಳಿ. ಗಂಟಿ ಬಾರಿಸಿದ್ರ ನನ್ನ ಗಾಡಿ. ಕೈಗೆ ಸಿಕ್ಕದ್ದ ಹಿಡಕೊಂಡ ಓಡಿ ಬರ್ರಿ!”

ಜನ ಬಂದರು. ಪ್ರತಿ ಸಲವೂ ಬಂದರು. ಪ್ರತಿ ಸಲವೂ ಅದು ಎಮ್ಮೆಯೇ ಆಗಿತ್ತು. ಓಡಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಇವರು ಚಹಾ, ಚುರಮುರಿ ಕೊಡಿಸುತ್ತಿದ್ದರು. ಚುರಮುರಿ ಶುರುವಾದ ಮೇಲೆ ಜನ ಇನ್ನೂ ಬೇಗ ಬರತೊಡಗಿದರು. ಸಾಮಾನ್ಯವಾಗಿ ಇಪ್ಪತ್ತಮೂರು ಕಪ್ಪು ಚಹಾ ಆಗುತ್ತಿತ್ತು. ಗಂಟೆಯ ದನಿ ಕೇಳಿದರೆ ನಾನು ವಖಾರಿಗೆ ಹೋಗದೆ ನೇರ ಒಲೆಗೆ ಹೋಗುತ್ತಿದ್ದೆ. ಎಮ್ಮೆಯನ್ನು ಬೇರೆ ಕಡೆ ಕಟ್ಟೋಣ ಎಂದೆ. ಇವರು ಒಪ್ಪಲಿಲ್ಲ. “ಇರಲಿ, ಮಂದಿಗೆ ರೂಢಿ ಆಗ್ತದ” ಎಂದರು.

ಮಾಸ್ತರು ಮಾತ್ರ ಪ್ರತಿ ಸೋಮವಾರ ದಾರಿಯಲ್ಲಿ ಕೇಳುತ್ತಿದ್ದರು: “ನೇಮಣ್ಣಾ, ಎರಡ ದಿನಾ ಆದ್ವೇನೋ?”

“ನಾಳಿಗಿ ಎರಡರಿ, ಮಾಸ್ತರ್ರ.”

ಇಬ್ಬರೂ ನಗುತ್ತಿದ್ದರು. ಐದು ವರ್ಷದ ಸೋಮವಾರಗಳು.

ತೊಂಬತ್ತರಲ್ಲಿ ಇವರಿಗೆ ಇಷ್ಟೂ ಸಾಲದು, ಸರಕಾರಕ್ಕೂ ತಿಳಿಸಬೇಕು ಎನ್ನಿಸಿತು. ಪೋಲೀಸ್ ಠಾಣೆಗೆ ಹೋದರು. ಅಲ್ಲಿ ಭೀಮಸಿ ಎಂಬ ಹವಾಲ್ದಾರರು ಕುಳಿತಿದ್ದರು. ಅಲ್ಲಿ ನಡೆದ ಮಾತನ್ನು ಇವರು ನಮಗೆ ಅದೆಷ್ಟು ಸಲ ಹೇಳಿದ್ದಾರೆಂದರೆ ನಾನೇ ಹೋಗಿ ಬಂದಂತಿದೆ.

“ಏನ್ ಕಳುವಾಗೇತಿ?”

“ಇನ್ನೂ ಆಗಿಲ್ರಿ.”

“ಮತ್ಯಾಕ ಬಂದೀರಿ?”

“ಆಗಬಾರದಂತ ಬಂದೀನ್ರಿ.”

“ಆಗಬಾರದಂದ್ರ ಗುಡಿಗೆ ಹೋಗಬೇಕು. ಇಲ್ಲಿ ಆದ ಮ್ಯಾಲ ಬರೂದು.”

“ಮುಂಚೇನ ಬರಕೊಂಡ್ರ ನಿಮಗೂ ಹಗರ ಆಗ್ತದಲ್ರಿ?”

ಹವಾಲ್ದಾರರಿಗೆ ಇದು ಹೊಸದು. ಕಾಗದ ತೆಗೆದರು. ಗಾಡಿಯ ನಂಬರು ಕೇಳಿದರು. ಇವರು ಹೇಳಿದರು. ಹವಾಲ್ದಾರರು ಪೆನ್ನು ಕೆಳಗಿಟ್ಟರು.

“ಇದು ಬಾಂಬೆ ನಂಬರ್. ಬಾಂಬೆ ಗಾಡಿ ಇಲ್ಲಿಗೆ ಹೆಂಗ ಬಂತು?”

“ಗಾಡಿ ಬಂದಿಲ್ರಿ ಸಾಹೇಬ್ರ. ಬಾಂಬೇನ ಹೋತು.”

“ಏನು?”

“ಐವತ್ಮೂರರಾಗ ನಾವೆಲ್ಲಾ ಬಾಂಬೆ ರಾಜ್ಯದಾಗ ಇದ್ವಿರಿ. ಆಮ್ಯಾಲ ಮೈಸೂರ ಬಂತು, ಕರ್ನಾಟಕಾ ಬಂತು. ಗಾಡಿ ಮಾತ್ರ ಅಲ್ಲೇ ನಿಂತೇತ್ರಿ. ಅದರದೇನ್ ತಪ್ಪೈತಿ?”

“ಕಾಗದಾ?”

“ಒರಲಿ ತಿಂದಾವ್ರಿ.”

ಹವಾಲ್ದಾರರು ಬೆರಳು ಮಡಚಿ ಎಣಿಸಿದರಂತೆ. ನಂಬರು ಪರರಾಜ್ಯದ್ದು, ಕಾಗದ ಇಲ್ಲ, ಗಾಡಿ ವಖಾರಿಯಲ್ಲಿ ಅಡಗಿದೆ. ಕಳುವಿನಿಂದ ಗಾಡಿ ಕಾಯಲು ಹೋದವರು ಮನೆಗೆ ಬರುವಾಗ ಗಾಡಿ ಕಳ್ಳರಾಗಿದ್ದರು. “ನಾಳೆ ಬಂದು ಜಪ್ತಿ ಮಾಡತೀವಿ” ಎಂದು ಹವಾಲ್ದಾರರು ಹೇಳಿ ಕಳಿಸಿದ್ದರು. ಇವರು ಅದನ್ನು ನಮಗೆ ಹೇಳಿದ್ದು ಹೀಗೆ: “ನಾಳಿಗಿ ಸಾಹೇಬ್ರು ಬರತಾರ. ಗಾಡಿ ಒಯ್ದು ಠಾಣಾದಾಗs ಇಟ್ಟ ಕಾಯ್ತಾರಂತ.” ಹೇಳುವಾಗ ಅವರ ಮುಖ ಮಾತ್ರ ಬೇರೆ ಇತ್ತು.

ಮರುದಿನ ಭೀಮಸಿ ಹವಾಲ್ದಾರರು ಇಬ್ಬರು ಪೇದೆಗಳೊಂದಿಗೆ ಬಂದರು. ನೇರ ಹೋಗಿ ವಖಾರಿಯ ಬಾಗಿಲು ತಳ್ಳಿದರು.

ಗಂಟೆ ಬಾರಿಸಿತು.

ಇಷ್ಟು ದಿನ ಎಮ್ಮೆಗಾಗಿ ಓಡಿ ಬಂದ ಜನ ಅಂದು ತಮ್ಮ ರೂಢಿಯ ಫಲ ತೋರಿಸಿದರು. ಕುಡುಗೋಲು, ಗುದ್ದಲಿ, ಗಿರಣಿಯ ಬೆಲ್ಟು ಬಂದವು. ಎಲ್ಲರಿಗಿಂತ ಮುಂದೆ ಊದುಗೊಳವಿ ಎತ್ತಿ ಹಿಡಿದ ಕಾಶಿಬಾಯಿ.

“ಸಿಕ್ಕಾ? ಸಿಕ್ಕಾ? ಅಯ್ಯ ಇವನ, ಪೋಲೀಸನ ಅರಬಿ ಹಾಕ್ಕೊಂಡ ಬಂದಾನಲ್ಲೇ! ಹಿಡೀರಿ!”

“ಅಜ್ಜೀ, ನಾ ಖರೇನ ಪೋಲೀಸ!”

“ಕಳ್ಳ ಇನ್ನೇನ ಅಂತಾನ!”

ಮಾಸ್ತರು ನಡುವೆ ಬಂದು ಬಿಡಿಸಿದರು. ಹವಾಲ್ದಾರರನ್ನು ಕರೆದು ತಮ್ಮ ಕಟ್ಟೆಯ ಮೇಲೆ, ಕಂಬಳಿ ಹೊದಿಸಿದ ಒಂದು ದುಂಡನೆಯ ಆಸನದ ಮೇಲೆ ಕೂರಿಸಿ ಚಹಾ ಕೊಟ್ಟರು. ಅದು ಎರಡನೆಯ ಗಾಲಿ.

ಹವಾಲ್ದಾರರು ಬೆವರು ಒರೆಸಿಕೊಂಡು ತಪಾಸಣೆ ಶುರು ಮಾಡಿದರು. ಜಪ್ತಿ ಮಾಡಿ ಎಳೆದೊಯ್ಯಬೇಕಾದರೆ ಗಾಲಿ ಬೇಕು. ಗಾಲಿ ಎಲ್ಲಿ ಎಂದು ಇವರನ್ನು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ಊರು ಬಾಯಿ ತೆರೆಯಿತು. ಯಾರಿಗೂ ಗೊತ್ತಿರಲಿಲ್ಲ. ಜಿನ್ನಪ್ಪ ತನ್ನ ಜನ್ಮದಲ್ಲಿ ಗಾಲಿ ನೋಡಿರಲಿಲ್ಲ. ಹವಾಲ್ದಾರರು ಕಾಶಿಬಾಯಿಯ ಬಾಗಿಲಿಗೆ ಬಂದರು. ಅವಳು ಸೆರಗು, ನಿರಿಗೆ ಎಲ್ಲ ಹರಡಿ ಕುಳಿತು ಕಾಳು ಆರಿಸುತ್ತಿದ್ದಳು.

“ಅಜ್ಜೀ, ಇಲ್ಲೆಲ್ಲಾರ ಗಾಡಿ ಗಾಲಿ ನೋಡಿಯೇನು?”

“ಹೆಂಗ ಇರತೇತ್ರಿ ಅದು?”

“ದುಂಡಗ, ಕರ್ರಗ.”

“ದುಂಡಗ ಕರ್ರಗ ನಮ್ಮ ಮಾವ ಇದ್ದ. ತೀರಿಕೊಂಡ ಹನ್ನೆರಡ ವರ್ಷ ಆತು.”

ಕೊನೆಗೆ ಪಂಚನಾಮೆ ಬರೆಯಲು ಕುಳಿತರು. ಹವಾಲ್ದಾರರ ಅಕ್ಷರ ನೆಟ್ಟಗಿರಲಿಲ್ಲ; ಮಾಸ್ತರು ಬರೆದುಕೊಟ್ಟರು. ಅದರ ಒಂದು ಪ್ರತಿ ನಮ್ಮ ಮನೆಯಲ್ಲಿದೆ: “ಸದರಿ ವಸ್ತುವಿಗೆ ಗಾಲಿಗಳು ಇರುವುದಿಲ್ಲ. ಸ್ಟಿಯರಿಂಗ್ ಇರುವುದಿಲ್ಲ. ಬ್ಯಾಟರಿ ಇರುವುದಿಲ್ಲ. ಇಟ್ಟಿಗೆಯ ಪಾಯದ ಮೇಲೆ ನಿಂತಿರುತ್ತದೆ. ಬಾಗಿಲು ಎರಡು, ಗಾಜಿನ ಕಿಟಕಿ ಉಂಟು. ಕಾರಣ ಇದು ವಾಹನವಾಗಿರದೆ ತಗಡಿನ ಖೋಲಿ ಆಗಿರುತ್ತದೆ.”

ಖೋಲಿ ಎಂದರೆ ಕೋಣೆ; ಕೋಣೆಯನ್ನು ಜಪ್ತಿ ಮಾಡಲು ಬರುವುದಿಲ್ಲ. ಊರು ಉಸಿರು ಬಿಟ್ಟಿತು. ಆಗ ನಮ್ಮ ಮನೆಯವರು ಎದ್ದು ನಿಂತರು.

“ಸಾಹೇಬ್ರ, ಇದು ಖೋಲಿ ಅಲ್ರಿ. ನಮ್ಮಪ್ಪ ಇದನ್ನ ಕೊಲ್ಲಾಪುರತನಕಾ...”

ಮಾಸ್ತರು ಇವರ ಕಾಲು ತುಳಿದರು. ನಾನು ಬಾಗಿಲ ಮರೆಯಿಂದ ಕೆಮ್ಮಿದೆ. ಕಾಶಿಬಾಯಿ ಗಾಲಿಯಿಂದ ಏಳಲಾರದೆ ಕುಳಿತಲ್ಲಿಂದಲೇ, “ಖೋಲಿನs ಐತಿ! ನಾವೆಲ್ಲಾ ನೋಡೇವಿ! ಮೊನ್ನೆ ಸುಣ್ಣಾ ಬಳದಾರ!” ಎಂದು ಕಿರಿಚಿದಳು. ಇವರು ಕುಳಿತರು. ಆ ದಿನ ಊಟ ಮಾಡಲಿಲ್ಲ. “ಖೋಲಿ ಅಂತ ಬರದಾನ. ಅಪ್ಪಗ ಏನ್ ಹೇಳ್ಲಿ?” ಎಂದು ಮಾವನ ಫೋಟೋದ ಕಡೆ ಬೆನ್ನು ಹಾಕಿ ಕುಳಿತರು.

ಅದೇ ವರ್ಷ ಜನಗಣತಿಗೆ ಮುಂಚಿನ ಮನೆ ಎಣಿಕೆ ಬಂತು. ಎಣಿಸಲು ಬಂದವರು ಮಾಸ್ತರೇ. ಪಂಚನಾಮೆ ಬರೆದ ಕೈ ಅದು, ಹಿಂತೆಗೆಯುವ ಹಾಗಿಲ್ಲ. ಕೆಮ್ಮಣ್ಣು ಕಲಸಿ ಪಿಕಪ್ಪಿನ ಹಸಿರು ಬಾಗಿಲ ಮೇಲೆ ಮನೆ ನಂಬರು ಬರೆದರು.

“ಇದರಾಗ ಯಾರ್ ಇರತಾರ ಅಂತ ಬರೀಲೋ ನೇಮಣ್ಣಾ?”

ಇವರು ಯೋಚಿಸಿ ಹೇಳಿದರು: “ಅಪ್ಪ ಅಂತ ಬರೀರಿ.”

ಮಾಸ್ತರು ‘ಖಾಲಿ’ ಎಂದು ಬರೆದರು. ಇವರಿಗೆ ಓದಿ ತೋರಿಸಲಿಲ್ಲ.

ಹವಾಲ್ದಾರರು ಹೋಗುವಾಗ ಒಂದು ಮಾತು ಆಡಿದ್ದರು: “ಈ ಗಾಡಿ ಯಾರೂ ಒಯ್ಯೂದಿಲ್ರಿ. ಗಂಟಿ ಮಾತ್ರ ಭಾರೀ ಐತಿ. ಅದನ್ನ ಕಾಯ್ಕೋರಿ.” ಇವರಿಗೆ ಅಷ್ಟು ಸಾಕಾಯಿತು. ಆ ವಾರವೇ ಗಂಟೆ ಬಾಗಿಲಿನಿಂದ ಮಾಯವಾಯಿತು. ಗಾಡಿ ಕಾಯಲು ತಂದ ಗಂಟೆಯನ್ನು ಕಾಯಲು ಅಡಗಿಸಿಟ್ಟರೆ ಗಾಡಿಯನ್ನು ಯಾರು ಕಾಯಬೇಕು ಎಂದು ಕೇಳಿದೆ. ಎರಡು ದಿನ ಯೋಚಿಸಿ, “ಗಂಟಿ ಅಂತೂ ಸುರಕ್ಷಿತ ಐತಿ” ಎಂದರು. ಎಲ್ಲಿ ಎಂದರೆ, “ನಿನಗ ಹೇಳಿದ್ರ ಗೋಡಿಗೆ ಕೇಳಸ್ತದ” ಎಂದರು. ಗೋಡೆಯಾಚೆ ಕಾಶಿಬಾಯಿ ಸಿಟ್ಟಿನಿಂದ ಪಾತ್ರೆ ಕುಕ್ಕಿದ್ದು ಕೇಳಿಸಿತು.

ಈ ಜುಲೈನಲ್ಲಿ ಒಂದು ಮಧ್ಯಾಹ್ನ ಗೊಬ್ಬರದ ಚೀಲ ಇಳಿಸುತ್ತಿದ್ದ ಇವರು ಎದೆ ಹಿಡಿದುಕೊಂಡು ಕುಳಿತರು. ಮತ್ತೆ ಏಳಲಿಲ್ಲ. ಮೂವತ್ತೆಂಟು ವರ್ಷ.

ಮಾಸ್ತರು ಬಂದುಹೋದ ದಿನದಿಂದ ನಾನೂ ಅತ್ತೆಯೂ ಹುಡುಕಿದೆವು. ಪಿಕಪ್ಪಿನ ಸೀಟು ಎತ್ತಿದೆವು, ಬಾನೆಟ್ಟು ತೆರೆದೆವು. ಹೊಟ್ಟಿನ ರಾಶಿ ಕೆದಕಿದೆವು. ಹಪ್ಪಳದ ಡಬ್ಬಿಯಲ್ಲಿ ಗಾಡಿಯ ಕೀಲಿ ಸಿಕ್ಕಿತು. ಜೋಳದ ಕಣಜದಲ್ಲಿ ಹಾರ್ನು ಸಿಕ್ಕಿತು. ಅತ್ತೆಯ ಜಪದ ಚೀಲದಲ್ಲಿ ಎರಡು ನಟ್ಟು ಸಿಕ್ಕವು. ಮೂರು ವರ್ಷದಿಂದ ಅವರು ಅವನ್ನೂ ಸೇರಿಸಿ ಎಣಿಸುತ್ತಿದ್ದರೋ ಏನೋ. ಪ್ರತಿಯೊಂದಕ್ಕೂ ಒಂದೊಂದು ಚೀಟಿ: “ಇದು ಗಾಡಿಯದು. ಮುಟ್ಟಬಾರದು.” ಗಂಟೆ ಸಿಗಲಿಲ್ಲ.

ಇತ್ತ ಯಾರೂ ಕೇಳದೆ ಗಾಲಿಗಳು ಮನೆಗೆ ಬರತೊಡಗಿದವು. ಜಿನ್ನಪ್ಪ ಎರಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ಅಂಗಳದಲ್ಲಿಟ್ಟು ಹೋದ. ಮಾಸ್ತರು ತಮ್ಮದನ್ನು ತಾವೇ ಉರುಳಿಸಿಕೊಂಡು ಬಂದರು. ಕಾಶಿಬಾಯಿ ಕೊನೆಗೆ ಬಂದಳು. ಗಾಲಿಯನ್ನು ಒರೆಸಿ, ನೀರು ಹಾಕಿ ತೊಳೆದಿದ್ದಳು.

“ಇಟ್ಟುಕೊಳ್ಳಿರಿ, ನಿಮಗೆ ಸೊಂಟ ನೋಯುತ್ತದೆ,” ಎಂದೆ.

“ನೋಯಲಿ ಬಿಡ. ಅಂವ ಇಲ್ಲ, ನಾ ಇದರ ಮ್ಯಾಲ ಹೆಂಗ ಕುಂಡ್ರಲಿ?” ಎಂದಳು. ಆಮೇಲೆ ಅದರ ಮೇಲೆಯೇ ಕುಳಿತು ಒಂದು ತಾಸು ಅತ್ತಳು.

ಇಪ್ಪತ್ತೊಂಬತ್ತನೆಯ ತಾರೀಖು ಮಾಸ್ತರು ಬಾಗಿಲಿಗೆ ಬಂದರು, ಒಳಗೆ ಬರಲಿಲ್ಲ. “ಇರಲಿ ಬಿಡ್ರಿ ವೈನಿ. ಕಳಕೊಂಡೇನಿ ಅಂತ ಬರದ ಕೊಡತೀನಿ. ಚೌಕಶಿ, ವಿಚಾರಣಿ ಆಗ್ತದ, ಆಗಲಿ” ಎಂದು ಹೋದರು. ಮೂವತ್ತೈದು ವರ್ಷ ಸೇವೆ ಮಾಡಿದ ಮನುಷ್ಯ.

ಮಾಸ್ತರು ಹೋದ ದಾರಿಯನ್ನೇ ನೋಡುತ್ತ ಅತ್ತೆ ಹೇಳಿದರು: “ನನ್ನ ಮಗಾ ಏನರೆ ಬಚ್ಚಿಟ್ರ ಎಲ್ಲಿ ಕಳ್ಳ ಕೈ ಹಾಕೂದಿಲ್ಲೋ ಅಲ್ಲಿ ಇಡಾಂವ. ಅಂಥಾ ಜಾಗಾ ಈ ಮನ್ಯಾಗ ಯಾವದೈತಿ?”

ನಾನು ಎದ್ದು ಮಂಚದ ಕೆಳಗಿನ ಟ್ರಂಕು ಎಳೆದೆ. ಅದಕ್ಕೆ ಕೀಲಿ ಇರಲಿಲ್ಲ. ನಾನು ಅದನ್ನು ಆರು ವರ್ಷದಿಂದ ತೆರೆದಿರಲಿಲ್ಲ, ಅದು ಇವರಿಗೆ ಗೊತ್ತಿತ್ತು. ಮೇಲೆ ನನ್ನ ಎಂ.ಎ. ನೋಟು ಪುಸ್ತಕಗಳು, ನಾನು ಜೋಡಿಸಿದ್ದಕ್ಕಿಂತ ನೀಟಾಗಿದ್ದವು. ಕೆಳಗೆ ಇವರ ಹಳೆಯ ಧೋತರ. ಧೋತರದ ಒಳಗೆ ಗಂಟೆ. ಅಕಸ್ಮಾತ್ ಬಾರಿಸಬಾರದೆಂದು ಅದರ ನಾಲಿಗೆಗೆ ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿದ್ದರು. ಚೀಟಿ ಇತ್ತು: “ತುಕಾರಾಮ ಮಾಸ್ತರರ ಗಂಟೆ. ಎರಡು ದಿನಕ್ಕೆ ತಂದದ್ದು. ಕೊಟ್ಟು ಬರಬೇಕು.”

ಮೂವತ್ತರಂದು ಬೆಳಿಗ್ಗೆ ಅದನ್ನು ಧೋತರದಲ್ಲಿಯೇ ಕಟ್ಟಿಕೊಂಡು ಶಾಲೆಗೆ ಹೋದೆ. ಹೊಸ ಹೆಡ್‌ಮಾಸ್ತರು ಕಾಕಾಸಾಹೇಬರು ಮೇಜಿನ ಮೇಲೆ ಪಟ್ಟಿ ಹರಡಿ ಕುಳಿತಿದ್ದರು. ನಾಲ್ಕನೆಯ ನಂಬರು, ಭೂಗೋಳ ಒಂದು, ಕಾಲು ಮುರಿದದ್ದು, ಎಂದು ಗುರುತು ಹಾಕುತ್ತಿದ್ದರು. ತುಕಾರಾಮ ಮಾಸ್ತರು ಆರೋಪಿಯಂತೆ ಪಕ್ಕದಲ್ಲಿ ನಿಂತಿದ್ದರು.

ನಾನು ಗಂಟನ್ನು ಮೇಜಿನ ಮೇಲೆ ಬಿಚ್ಚಿದೆ. “ಎರಡು ದಿನ ಆದವು, ಮಾಸ್ತರ್ರ” ಎಂದೆ.

ಮಾಸ್ತರು ಗಂಟೆಯನ್ನು ಎತ್ತಿ ಇಸವಿಯ ಮೇಲೆ ಬೆರಳಾಡಿಸಿದರು. ಕಾಕಾಸಾಹೇಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಬಾರಸ್ತದೇನ್ರಿ? ಪಟ್ಟ್ಯಾಗ ‘ಸುಸ್ಥಿತಿ’ ಅಂತ ಐತಿ. ತೋರಸ್ರಿ.”

ಮಾಸ್ತರು ಪಡಸಾಲೆಗೆ ಹೋಗಿ ಗಂಟೆಯನ್ನು ಹಳೆಯ ಕೊಂಡಿಗೆ ತೂಗುಹಾಕಿದರು. ನಾಲಿಗೆಗೆ ಸುತ್ತಿದ ಪಟ್ಟಿ ಬಿಚ್ಚಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಹಗ್ಗ ಎಳೆದರು. ಒಂದು ಸಲ, ಎರಡು ಸಲ.

ಮೊದಲು ಏಳನೆಯ ಇಯತ್ತೆ ಎದ್ದಿತು, ಆಮೇಲೆ ಆರನೆಯದು. ಕಿಟಕಿಯಿಂದ, ಬಾಗಿಲಿನಿಂದ ಧುಮುಕಿದರು. ಮನೆಗಳ ಕಡೆ ಯಾರೂ ಹೋಗಲಿಲ್ಲ. ಬೀದಿಯಲ್ಲಿ ಜಿನ್ನಪ್ಪ ಗಿರಣಿ ಬಂದ್ ಮಾಡದೆ, ಮುಖದ ತುಂಬ ಹಿಟ್ಟಿನೊಂದಿಗೆ ಓಡಿದ. ಹೊಲದ ಕಡೆಯಿಂದ ಗುದ್ದಲಿ ಹಿಡಿದವರು ಓಡಿ ಬಂದರು. ಎಲ್ಲರಿಗಿಂತ ಮುಂದೆ ಕಾಶಿಬಾಯಿ, ಒಂದು ಕೈಯಲ್ಲಿ ಊದುಗೊಳವಿ, ಇನ್ನೊಂದರಲ್ಲಿ ಎತ್ತಿ ಹಿಡಿದ ನಿರಿಗೆ. “ಬರ್ರೋ! ಯಾರೋ ಬಂದಾನ! ಬರ್ರೋ!” ಎಂದು ನಮ್ಮ ವಖಾರಿಯ ಕಡೆ ಹೋಗುತ್ತಿದ್ದಳು.

ಕಾಕಾಸಾಹೇಬರು ಪೆನ್ನು ಹಿಡಿದೇ ಎದ್ದು ನಿಂತರು. “ಏನ್ ಆತ್ರಿ? ಇವರೆಲ್ಲಾ ಎಲ್ಲಿಗೆ ಹೊಂಟ್ರು?”

ತುಕಾರಾಮ ಮಾಸ್ತರು ಹಗ್ಗ ಬಿಡದೆ ಹೇಳಿದರು: “ನೇಮಣ್ಣನ ಗಾಡಿ ಕಾಯಾಕರಿ.”

ಕಾಕಾಸಾಹೇಬರು ಹದಿನೇಳನೆಯ ನಂಬರಿಗೆ ಗುರುತು ಹಾಕಿ ಸಹಿ ಮಾಡಿದ್ದನ್ನು ನಾನು ನೋಡಿದೆ. ಧೋತರವನ್ನು ಮಡಚಿಕೊಂಡೆ. ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ಮನೆಯಲ್ಲಿ ಚುರಮುರಿ ಇತ್ತೋ ಇಲ್ಲವೋ, ಇಪ್ಪತ್ತಮೂರು ಕಪ್ಪು ಚಹಾ ಇಡಬೇಕಿತ್ತು.